ಪುಣ್ಯವೆಂಬ ಪುಕ್ಕಟೆ ದುಡಿಮೆ

ತಿಕೋಟಾದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿದ್ದೆ. ಪಾರ್ಶ್ವವಾಯು ಬಡಿದ ಅತ್ತೆಯ ಆರೈಕೆಗಾಗಿ ಆಕೆ ದ್ರಾಕ್ಷಿ ತೋಟದ ಕೂಲಿಯನ್ನೇ ಬಿಟ್ಟಿದ್ದಾಳೆ. “ಸರ್, ರಾತ್ರಿ ಪೂರಾ ನಿದ್ದಿ ಮಾಡಿ ಮೂರು ವರ್ಷ ಆತ್ರಿ” ಎಂದಳು. “ಪುಣ್ಯವಂತೆ ನೀನು, ತಾಯಿ” ಎಂದೆ. ಆಕೆ ಮಾತಾಡಲಿಲ್ಲ, ನನಗೆ ನಾಚಿಕೆಯಾಯಿತು.

ಹಿರಿಯ ನಾಗರಿಕರ ಪೋಷಣೆಗೆಂದು ಬಂದ 2007ರ ಕಾಯ್ದೆ ಮಕ್ಕಳು, ಮೊಮ್ಮಕ್ಕಳನ್ನು ಹೊಣೆಗಾರರೆನ್ನುತ್ತದೆ. ಅಲ್ಲಿ ಸೊಸೆಯ ಹೆಸರಿಲ್ಲ. ಹೊಣೆ ಮಗನದು, ದುಡಿಮೆ ಸೊಸೆಯದು! ಕೇರಳ ಸರ್ಕಾರವು ಆಶ್ವಾಸಕಿರಣಂ ಯೋಜನೆಯಲ್ಲಿ ಇಂಥ ಆರೈಕೆದಾರರಿಗೆ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿತು. ಅಲ್ಪವೇ ಸರಿ, ಆದರೂ ಅದು ದುಡಿಮೆಯೆಂದು ಒಪ್ಪಿದಂತಾಯಿತು.

ವಿಜಯಪುರ, ಬಬಲೇಶ್ವರಗಳಲ್ಲಿರುವ ಶಿಷ್ಯರೇ, ಬಂಧುಗಳೇ, ಹೊಗಳಿದ್ದು ಸಾಕು. ವಾರಕ್ಕೊಂದು ರಾತ್ರಿ ನೀವು ಎಚ್ಚರವಿರಿ, ಆಕೆ ಮಲಗಲಿ.