ಟೆಹರಾನಿನ ಬೀದಿ, ದೇವದಾರಿಯ ಬೆಟ್ಟ

ಗಣಿ ಯೋಜನೆಗಳಿಗೆ ಅಡ್ಡಗಾಲು ಹಾಕುವವರು ಯಾರು ಎಂದರೆ ಹೊಸಪೇಟೆ, ಸಂಡೂರುಗಳಲ್ಲಿ ಸಿದ್ಧ ಉತ್ತರವೊಂದಿದೆ: ಪರಿಸರವಾದಿಗಳು. ಹಾಗೆ ನಂಬಿದವರು ಕುದುರೆಮುಖದ ಚರಿತ್ರೆಯನ್ನೊಮ್ಮೆ ತಿರುವಿ ನೋಡಬೇಕು.

ತೈಲದ ಹಣದ ಬಲದಿಂದ ಇರಾನನ್ನು ಜಗತ್ತಿನ ಬಲಿಷ್ಠ ರಾಷ್ಟ್ರಗಳ ಸಾಲಿಗೆ ಸೇರಿಸಲು ಹೊರಟಿದ್ದ ಅಲ್ಲಿನ ಷಾ, ತನ್ನ ಉಕ್ಕಿನ ಕಾರ್ಖಾನೆಗಳಿಗೆ ಸಹ್ಯಾದ್ರಿಯ ಅದಿರನ್ನು ಬಯಸಿದ. 1975ರಲ್ಲಿ 63 ಕೋಟಿ ಡಾಲರ್ ಸಾಲದ ಒಪ್ಪಂದವಾಯಿತು. ಮರುವರ್ಷ ಕಂಪನಿ ಹುಟ್ಟಿತು. ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಗುರಿ, ಅದರ ರಾಡಿಯನ್ನು ಮಂಗಳೂರಿಗೆ ಹರಿಸುವ ಕೊಳವೆ, ಗಣಿಯ ಕೆಸರನ್ನು ತುಂಬಲು ಭದ್ರೆಯ ಕೂಡುಹೊಳೆ ಲಕ್ಯಾಕ್ಕೆ ಅಣೆಕಟ್ಟು. ಎಲ್ಲವೂ ಒಬ್ಬನೇ ಗಿರಾಕಿಯನ್ನು ನಂಬಿ! ಆ ಗಿರಾಕಿಯನ್ನು ತಡೆದವರು ನಮ್ಮ ಮಲೆನಾಡಿನ ರೈತರಲ್ಲ. 1978ರಲ್ಲಿ ಮುಷ್ಕರ ಹೂಡಿದ ಅವನದೇ ತೈಲ ಕಾರ್ಮಿಕರು, ಟೆಹರಾನಿನ ಬೀದಿಗಿಳಿದ ಅವನದೇ ಪ್ರಜೆಗಳು. 1979ರ ಜನವರಿಯಲ್ಲಿ ಷಾ ದೇಶ ಬಿಟ್ಟ. 1980ರಲ್ಲಿ ಗಣಿ ಸಿದ್ಧವಾದಾಗ, ಯಾರಿಗಾಗಿ ಕಟ್ಟಿದರೋ ಅವರೇ ಇರಲಿಲ್ಲ.

ಆದರೂ ಅಗೆತ ನಿಲ್ಲಲಿಲ್ಲ. ಹೂಡಿದ ಹಣ ಹಿಂದಿರುಗಬೇಕಲ್ಲ? ಬೇರೆ ಗಿರಾಕಿಗಳನ್ನು ಹುಡುಕಿ, ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಮುಚ್ಚುವವರೆಗೂ ಬೆಟ್ಟವನ್ನು ಬಗೆಯಲಾಯಿತು.

ಸಂಡೂರಿನ ಪಾಲಿಗೆ ಷಾನ ಜಾಗಕ್ಕೆ ಬಂದದ್ದು ಚೀನಾ. 2008ರ ಒಲಿಂಪಿಕ್ಸಿಗೆ ಮುಂಚಿನ ಅದರ ಕಟ್ಟೋಣದ ಹಸಿವಿಗೆ ನಮ್ಮ ಗುಡ್ಡಗಳು ಲಾರಿಯೇರಿ ಬೇಲೇಕೇರಿ ಸೇರಿದವು. ರಸ್ತೆಬದಿಯ ಬೆಳೆ ಕೆಂಪಾಯಿತು. ಎಲೆಯ ಮೇಲೆ ಧೂಳು ಕೂತರೆ ಬೆಳಕು ತಾಗದು, ಪತ್ರರಂಧ್ರ ತೆರೆಯದು, ಕಾಳು ಕಟ್ಟದು. 2010ರಲ್ಲಿ ರಾಜ್ಯ ಸರ್ಕಾರ ರಫ್ತನ್ನು ನಿಷೇಧಿಸಿತು, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ಅಷ್ಟರಲ್ಲಿ ಒಲಿಂಪಿಕ್ಸೂ ಮುಗಿದಿತ್ತು, ಗುಡ್ಡಗಳೂ!

ಈಗ ಕುದುರೆಮುಖದ ಅದೇ ಕಂಪನಿ ಸಂಡೂರಿನ ದೇವದಾರಿಯನ್ನು ಕೇಳುತ್ತಿದೆ: 401 ಹೆಕ್ಟೇರ್ ಅರಣ್ಯ, ಸುಮಾರು 99 ಸಾವಿರ ಮರಗಳು. 2024ರ ಜೂನ್‌ನಲ್ಲಿ ಕೇಂದ್ರದ ಉಕ್ಕು ಸಚಿವರು ಇದಕ್ಕೆ ಒಪ್ಪಿಗೆಯ ರುಜು ಹಾಕಿದರು; ಕುದುರೆಮುಖದ ಹಳೆಯ ಬಾಕಿಗಳನ್ನು ಮುಂದಿಟ್ಟು ರಾಜ್ಯದ ಅರಣ್ಯ ಸಚಿವರು ಭೂಮಿ ಹಸ್ತಾಂತರವನ್ನು ತಡೆದರು. ಈ ತಡೆ ರಾಜಕೀಯದ್ದೇ ಇರಲಿ, ಕೇಳಿದ ಪ್ರಶ್ನೆ ಸರಿಯಾದದ್ದು.

ಬೆಟ್ಟದ ಕೆಳಗಿನ ಲೆಕ್ಕವನ್ನು ಯಾರೂ ಕೇಳುತ್ತಿಲ್ಲ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಹೂಳೆಲ್ಲ ಗಣಿಯದೆಂದು ನಾನು ಹೇಳಲಾರೆ. ಆದರೆ ಮರ ಕಡಿದ ಇಳಿಜಾರಿನ ಮಣ್ಣು ಮಳೆಗೆ ಎಲ್ಲಿಗೆ ಇಳಿಯುತ್ತದೆಂದು ಹಂಪಿಯ ತುರ್ತು ಕಾಲುವೆಯ ಬಾಳೆಗಾರನಿಗೂ ಕಂಪ್ಲಿಯ ಭತ್ತದ ರೈತನಿಗೂ ಯಾರೂ ಕಲಿಸಬೇಕಿಲ್ಲ.

ದೇವದಾರಿಯ ಅದಿರು ಯಾರಿಗೆ, ಎಷ್ಟು ವರ್ಷಕ್ಕೆ, ಆ ಗಿರಾಕಿ ನಡುವೆ ಕೈಬಿಟ್ಟರೆ ಬೆಟ್ಟದ ಹೊಣೆ ಯಾರದು? ಮೊದಲ ಮರಕ್ಕೆ ಕೊಡಲಿ ತಾಗುವ ಮುನ್ನ ಇದನ್ನು ಸಂಡೂರಿನ ಗ್ರಾಮಸಭೆಗಳಲ್ಲಿ, ಕನ್ನಡದಲ್ಲಿ, ಓದಿ ಹೇಳಲಿ.