ಆರೋಗ್ಯ ವಿಚಾರ: ಸರಕಿನ ತೂಕ, ಗಾಡಿಗಳ ಲೆಕ್ಕ

ಹೃದ್ರೋಗವು ಮುಪ್ಪಿನಲ್ಲಿ ಮಾತ್ರ ಬರತಕ್ಕ ವ್ಯಾಧಿಯೆಂದು ಭಾವಿಸುವಂತಿಲ್ಲ. 2007ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಮೊದಲ ಹೃದಯಾಘಾತವು ದಕ್ಷಿಣ ಏಷ್ಯದವರಿಗೆ ಸರಾಸರಿ 53ನೆಯ ವಯಸ್ಸಿನಲ್ಲಿಯೂ, ಇತರರಿಗೆ ಸುಮಾರು 59ರಲ್ಲಿಯೂ ಒದಗಿದುದು ಕಂಡುಬಂದಿತು. ಮಕ್ಕಳ ವಿದ್ಯಾಭ್ಯಾಸವೇ ಮುಗಿಯದಿರುವಾಗ ಮನೆಯ ಕಂಬ ಕುಸಿದರೆ ಸಂಸಾರದ ಗತಿಯೇನು? ಆದುದರಿಂದ ಉಲ್ಲಾಳ, ಕೆಂಗೇರಿಗಳ ಗೃಹಸ್ಥರೂ ತಮ್ಮ ರಕ್ತಪರೀಕ್ಷೆಯ ವರದಿಯನ್ನು ಓದಲು ಕಲಿಯುವುದು ಅವಶ್ಯ.

ಕೊಲೆಸ್ಟ್ರಾಲ್ ಎಂಬುದು ಮೇದಸ್ಸಿನ ಒಂದು ಬಗೆ. ಅದು ರಕ್ತದಲ್ಲಿ ತಾನಾಗಿ ಕರಗದು. ಸೂಕ್ಷ್ಮ ಕಣಗಳೆಂಬ ಗಾಡಿಗಳನ್ನೇರಿ ಸಂಚರಿಸುತ್ತದೆ. ಎಲ್.ಡಿ.ಎಲ್. ಮೊದಲಾದ ಗಾಡಿಗಳು ರಕ್ತನಾಳದ ಗೋಡೆಯೊಳಗೆ ನುಗ್ಗಿ, ಸರಕನ್ನು ಅಲ್ಲಿಯೇ ಇಳಿಸಿ, ಕ್ರಮೇಣ ದಾರಿಯನ್ನು ಕಟ್ಟುತ್ತವೆ. ಇಂತಹ ಪ್ರತಿಯೊಂದು ಗಾಡಿಗೂ ಅಪೋ-ಬಿ ಎಂಬ ಪ್ರೋಟೀನು ಒಬ್ಬನೇ ಗಾಡಿಯವನಂತೆ ಇರುತ್ತದೆ. ಅದನ್ನು ಅಳೆದರೆ ಗಾಡಿಗಳ ಸಂಖ್ಯೆ ತಿಳಿಯುತ್ತದೆ. ಎಚ್.ಡಿ.ಎಲ್. ಕಣಗಳ ಮುಖ್ಯ ಪ್ರೋಟೀನು ಅಪೋ-ಎ1.

ವಾಡಿಕೆಯ ಪರೀಕ್ಷೆಯು ಸರಕನ್ನು ತೂಗುವುದೇ ಹೊರತು ಗಾಡಿಗಳನ್ನು ಎಣಿಸುವುದಿಲ್ಲ. ಹತ್ತು ಮೂಟೆ ಬೆಲ್ಲವನ್ನು ಎರಡು ಗಾಡಿಗಳಲ್ಲಿ ಒಯ್ಯಬಹುದು, ಐದರಲ್ಲಿಯೂ ಒಯ್ಯಬಹುದು. ತೂಕ ಒಂದೇ, ಬೀದಿಯ ಇಕ್ಕಟ್ಟು ಬೇರೆ. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಹೆಚ್ಚಿದ ಟ್ರೈಗ್ಲಿಸರೈಡು ಉಳ್ಳವರಲ್ಲಿ ಅಲ್ಪ ಸರಕಿನ ಸಣ್ಣ ಗಾಡಿಗಳೇ ಬಹಳ. ಎಲ್.ಡಿ.ಎಲ್. ಅಂಕಿ ಸರಿಯಾಗಿದೆಯೆಂದು ಇಂಥವರು ನಿಶ್ಚಿಂತರಾಗುವುದು ತರವಲ್ಲ.

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಪಾಲ್ಗೊಂಡಿದ್ದರು. ಅಪೋ-ಬಿಯನ್ನು ಅಪೋ-ಎ1ರಿಂದ ಭಾಗಿಸಿ ಬಂದ ಪ್ರಮಾಣದಂತೆ ಜನರನ್ನು ಐದು ಪಾಲು ಮಾಡಿದಾಗ, ಕೆಳಗಿನ ಪಾಲಿನವರಿಗಿಂತ ಮೇಲಿನ ಪಾಲಿನವರಿಗೆ ಹೃದಯಾಘಾತದ ಸಂಭವವು ಮೂರು ಪಟ್ಟಿಗೂ ಮಿಗಿಲೆಂದು ತಿಳಿದುಬಂದಿತು.

ಈ ಪರೀಕ್ಷೆ ಎಲ್ಲರಿಗೂ ಬೇಕೆಂದಲ್ಲ. ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳುವರು. ಅಲ್ಲಿಯವರೆಗೆ, ಕೈಯಲ್ಲಿರುವ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್.ಡಿ.ಎಲ್. ಅಂಕಿಯನ್ನು ಕಳೆದು ನೋಡಿರಿ. ಒಟ್ಟು 200 ಇದ್ದು ಎಚ್.ಡಿ.ಎಲ್. 60 ಆದರೆ ಶೇಷ 140. 35 ಆದರೆ 165. ಒಟ್ಟು ಒಂದೇ ಆದರೂ ಅಪಾಯ ಒಂದೇ ಅಲ್ಲ. ಈ ಶೇಷವು 130ಕ್ಕಿಂತ ಕಡಮೆಯಿರುವುದು ಸಾಮಾನ್ಯವಾಗಿ ಲೇಸು. ಹೃದ್ರೋಗಿಗಳಿಗೆ ಇನ್ನೂ ಕಡಮೆಯಿರತಕ್ಕದ್ದು.

ಎಚ್.ಡಿ.ಎಲ್. ಅನ್ನು ಔಷಧದಿಂದ ಏರಿಸಿ ಹೃದಯವನ್ನು ಕಾಪಾಡುವ ಪ್ರಯತ್ನಗಳು ಈವರೆಗೆ ಫಲಿಸಲಿಲ್ಲ. ಕೇಡಿನ ಗಾಡಿಗಳನ್ನು ತಗ್ಗಿಸುವುದೇ ಮಾರ್ಗ. ಹೊಗೆಸೊಪ್ಪನ್ನು ಬಿಡುವುದು, ಕರಿದ ತಿಂಡಿಯನ್ನು ಮಿತಗೊಳಿಸುವುದು, ದಿನವೂ ನಡೆಯುವುದು, ವೈದ್ಯರು ಕೊಟ್ಟ ಮಾತ್ರೆಯನ್ನು ತಪ್ಪದೆ ನುಂಗುವುದು: ಇಷ್ಟನ್ನು ಪಾಲಿಸಿದರೆ ಮನೆಯ ಕಂಬ ಬಹುಕಾಲ ಭದ್ರವಾಗಿರುವ ಸಂಭವ ಹೆಚ್ಚು.