ಆಟಗಾರರಿದ್ದಾರೆ, ದಾರಿ ತೋರುವವರು ಬೇಕು

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಿಗೆ ಊರು ಬಿಟ್ಟು ದುಡಿಯುವುದು ಹೊಸತಲ್ಲ. ಬೆಂಗಳೂರು, ಮುಂಬಯಿಗಳ ಹೋಟೆಲು, ಬೇಕರಿಗಳನ್ನು ಕಟ್ಟಿ ಬೆಳೆಸಿದವರಲ್ಲಿ ಈ ಭಾಗದವರ ಪಾಲು ದೊಡ್ಡದು. ಮೊದಲು ಹೋದವನು ಎರಡನೆಯವನನ್ನು ಕರೆಸಿಕೊಂಡ. ತಂಗಲು ಜಾಗ, ಕೆಲಸ, ಸಂಬಳದ ಮಾತು ಎಲ್ಲವನ್ನೂ ಅವನೇ ಕುದುರಿಸಿದ. ಆದರೆ ಆಟವನ್ನೇ ನಂಬಿ ಹೊರಗೆ ಹೊರಡುವ ಹುಡುಗನಿಗೆ ಅಂಥ ಹಿರಿಯಣ್ಣನೊಬ್ಬ ಸಿಗುವುದು ಅಪರೂಪ. ಕರಾವಳಿಯ ಕ್ರೀಡೆಯ ನಿಜವಾದ ಕೊರತೆ ಇದು.

ಈ ಮಣ್ಣಿನಲ್ಲಿ ಪ್ರತಿಭೆಗೆ ಬರವಿಲ್ಲ ಎನ್ನಲು ವಂಡ್ಸೆ ಪರಿಸರದ ಗುರುರಾಜ ಪೂಜಾರಿಯವರ ಉದಾಹರಣೆ ಸಾಕು. 2018ರ ಗೋಲ್ಡ್‌ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವೇಟ್‌ಲಿಫ್ಟಿಂಗ್‌ನಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದ ಅವರು, ಆ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದರು. 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ 61 ಕೆ.ಜಿ. ವಿಭಾಗದ ಕಂಚೂ ಅವರದಾಯಿತು. ಚಾಲಕರೊಬ್ಬರ ಮಗನಾದ ಅವರಿಗೆ ಉಜಿರೆಯ ಕಾಲೇಜು ತರಬೇತಿ ನೀಡಿದರೆ, ವಾಯುಪಡೆಯ ನೌಕರಿ ಬದುಕಿನ ಭದ್ರತೆ ಒದಗಿಸಿತು.

ಭಾರತದ ಕ್ರೀಡಾಳುಗಳಿಗೆ ದಶಕಗಳ ಕಾಲ ಆಸರೆಯಾದದ್ದು ಇಂಥ ನೌಕರಿಯೇ. ಸೇನೆ, ರೈಲ್ವೆ, ಬ್ಯಾಂಕುಗಳು ಆಟಗಾರನಿಗೆ ಸಂಬಳವನ್ನೂ ಆಟ ಮುಗಿದ ಮೇಲಿನ ಬದುಕನ್ನೂ ಖಾತ್ರಿಪಡಿಸುತ್ತಿದ್ದವು. ಕರಾವಳಿಯಲ್ಲೇ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಇನ್ನೊಂದೆಡೆ 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಮತ್ತು ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಆರಂಭವಾದವು. ಕ್ರೀಡಾಳುವಿನ ಬದುಕು ನೌಕರಿಯ ಆದೇಶಪತ್ರದಿಂದ ಋತುವಿನ ಕರಾರಿನ ಕಡೆಗೆ ವಾಲಿತು. ಕರಾರು ಬಂದಲ್ಲಿ ಅದನ್ನು ಓದಿ ಅರ್ಥ ಮಾಡಿಸುವವನೂ ಬೇಕಾಗುತ್ತಾನೆ.

ಕಾಲ ಬಲದಷ್ಟೇ ಕಾಗದವೂ ಮುಖ್ಯ ಎಂಬುದನ್ನು ಭಾರತದ ಫುಟ್‌ಬಾಲ್ ಕಂಡುಕೊಂಡಿದೆ. ಭೈಚುಂಗ್ ಭುಟಿಯಾ 1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್ ಸೇರಿದರು. ಅವರು ಅಲ್ಲಿದ್ದ ಕಾಲದಲ್ಲೇ ಕ್ಲಬ್ ಆರ್ಥಿಕ ಮುಗ್ಗಟ್ಟಿಗೆ ಸಿಲುಕಿತು. ಮುಂದೆ ಬೆಂಗಳೂರು ಎಫ್‌ಸಿಯ ಮನೆಮಾತಾದ ಸುನಿಲ್ ಛೆಟ್ರಿಗೆ 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕರಾರು ನೀಡಲು ಸಿದ್ಧವಿತ್ತು. ಫಿಫಾ ಶ್ರೇಯಾಂಕದ ಮೊದಲ 70ರಲ್ಲಿ ಭಾರತ ಇರಲಿಲ್ಲವೆಂಬ ಕಾರಣಕ್ಕೆ ಬ್ರಿಟನ್ ಕೆಲಸದ ಪರವಾನಗಿ ನಿರಾಕರಿಸಿತು. ಬಳಿಕ ಅವರು 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ, 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ‘ಬಿ’ ತಂಡಕ್ಕೆ ಹೋದರು. ಎರಡೂ ಕಡೆ ಆಡುವ ಅವಕಾಶ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಅಲ್ಲಿಂದ ಮರಳಿದವರೇ ದೇಶದ ಅತ್ಯಧಿಕ ಗೋಲುಗಳ ಸರದಾರರಾದರು ಎಂಬುದನ್ನು ನೆನೆದರೆ, ದೋಷ ಪ್ರತಿಭೆಯದಾಗಿರಲಿಲ್ಲ ಎಂಬುದು ಸ್ಪಷ್ಟ.

ತವರಿನ ಕರಾರೂ ಅಭಯವಲ್ಲ. 2025ರ ಜುಲೈಯಲ್ಲಿ ಇಂಡಿಯನ್ ಸೂಪರ್ ಲೀಗ್ ಅನಿಶ್ಚಿತತೆಗೆ ಸಿಲುಕಿದಾಗ, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಹೆಸರಾಂತ ಆಟಗಾರರ ಪಾಡೇ ಹೀಗಾದರೆ ಹಳ್ಳಿಯಿಂದ ಬಂದ ಹತ್ತೊಂಬತ್ತರ ಹುಡುಗನ ಪರ ಮಾತನಾಡುವವರು ಯಾರು?

ಈ ಪ್ರಶ್ನೆಗೆ ಉತ್ತರವಾಗಬೇಕಾದವನು ಏಜೆಂಟ್. ‘ದಲ್ಲಾಳಿ’ ಎಂಬ ಪದಕ್ಕೆ ಅಂಟಿದ ಕಳಂಕದಿಂದಾಗಿ ಈ ವೃತ್ತಿಯನ್ನೇ ಸಂಶಯದಿಂದ ನೋಡಲಾಗುತ್ತದೆ. ಫಿಫಾ 2015ರಲ್ಲಿ ಪರವಾನಗಿ ಪದ್ಧತಿಯನ್ನು ಕೈಬಿಟ್ಟ ಬಳಿಕ ಈ ಕ್ಷೇತ್ರಕ್ಕೆ ಯಾರು ಬೇಕಾದರೂ ಕಾಲಿಡುವಂತಾಗಿತ್ತು. ತಪ್ಪರಿತ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಪರೀಕ್ಷೆಯನ್ನೂ, ಅದೇ ಅಕ್ಟೋಬರ್‌ನಿಂದ ಕಡ್ಡಾಯ ಪರವಾನಗಿಯನ್ನೂ ಮರಳಿ ತಂದಿತು. ಆಟಗಾರನ ಗಳಿಕೆಯ ಶೇ. 3ರಿಂದ 5ರಷ್ಟು ಮಾತ್ರ ಶುಲ್ಕ ಪಡೆಯಬೇಕೆಂಬ ಮಿತಿಗೆ ಯುರೋಪಿನ ನ್ಯಾಯಾಲಯಗಳಲ್ಲಿ ತಡೆ ಬಿದ್ದುದರಿಂದ ಅದನ್ನು 2023ರ ಡಿಸೆಂಬರ್ 30ರಂದು ಅಮಾನತಿನಲ್ಲಿರಿಸಲಾಯಿತು. ಪರವಾನಗಿಯ ಕಡ್ಡಾಯ ಮಾತ್ರ ಉಳಿಯಿತು.

ಹೆತ್ತವರು ತಿಳಿದಿರಬೇಕಾದ ಅಂಶಗಳೂ ಇಲ್ಲಿವೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ 18 ತುಂಬದ ಆಟಗಾರನನ್ನು ವಿದೇಶಿ ಕ್ಲಬ್ಬಿಗೆ ವರ್ಗಾಯಿಸುವಂತಿಲ್ಲ. ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಏಜೆಂಟ್ ಬಾಲಕನನ್ನು ಸಂಪರ್ಕಿಸುವಂತಿಲ್ಲ. ಆಯ್ಕೆ ಶಿಬಿರದ ಹೆಸರಿನಲ್ಲಿ ಮುಂಗಡ ಲಕ್ಷಗಳನ್ನು ಕೇಳುವವನನ್ನು ಬಾಗಿಲಲ್ಲೇ ನಿಲ್ಲಿಸುವುದು ಲೇಸು. ಆಟಗಾರನ ಗಳಿಕೆಯಲ್ಲಿ ಪಾಲು ಪಡೆಯುವುದು ಏಜೆಂಟನ ವೃತ್ತಿಯೇ ಹೊರತು ಮನೆಯವರ ಉಳಿತಾಯದಲ್ಲಲ್ಲ.

ಈ ಕೆಲಸಕ್ಕೆ ಅತಿ ಯೋಗ್ಯರು ತಾರೆಗಳೇ ಆಗಬೇಕೆಂದಿಲ್ಲ. ಕ್ರಿಸ್ಟಲ್ ಪ್ಯಾಲೇಸ್, ಮ್ಯಾಂಚೆಸ್ಟರ್ ಸಿಟಿ ಸೇರಿದಂತೆ ಹತ್ತಾರು ನೆಲೆ ಕಂಡು, ಇಸ್ರೇಲಿನ ಮಕ್ಕಾಬಿ ಟೆಲ್ ಅವಿವ್‌ಗೂ ಹೋಗಿ ಬಂದ ಇಂಗ್ಲೆಂಡಿನ ಬ್ಯಾರಿ ಸಿಲ್ಕ್‌ಮನ್ ಮುಂದೆ ಏಜೆಂಟರಾಗಿ ಹೆಸರು ಮಾಡಿದರು. ಭುಟಿಯಾ 2006ರಲ್ಲಿ ಆಟಗಾರರ ಸಂಘ ಕಟ್ಟಲು ಮುಂದಾದುದರ ಹಿಂದೆಯೂ ಊರೂರು ಸುತ್ತಿದ ಅನುಭವವಿತ್ತು. ಮೀಸಲು ಆಟಗಾರರ ಬೆಂಚಿನಲ್ಲಿ ಕಾದವನಿಗೆ, ಗಾಯಗೊಂಡು ಸಂಬಳಕ್ಕಾಗಿ ಅಲೆದವನಿಗೆ ಕರಾರಿನ ಯಾವ ಸಾಲು ಮುಳ್ಳಾಗುತ್ತದೆಂಬುದು ಚೆನ್ನಾಗಿ ಗೊತ್ತು.

ಕಬಡ್ಡಿಯಲ್ಲಿ ಬೆಲೆ ಕಟ್ಟುವುದು ಹರಾಜು. ಆದರೆ ಗಾಯ, ವಿಮೆ, ಬಾಕಿ ಹಣದ ಪ್ರಶ್ನೆಗಳು ಅಲ್ಲೂ ಇವೆ. ಗದ್ದೆ ಬಯಲಿನಲ್ಲಿ ರಾತ್ರಿಯಿಡೀ ಪಂದ್ಯಾಟ ನಡೆಸಿ ಟ್ರೋಫಿ ಹಂಚುವ ಸಂಘಗಳು ಮೂರೂ ತಾಲೂಕುಗಳಲ್ಲಿ ಸಾಕಷ್ಟಿವೆ. ಅದೇ ಉತ್ಸಾಹದಿಂದ ಕಾಲೇಜುಗಳ ಜತೆಗೂಡಿ, ಆಡಿ ಬಂದ ಹಿರಿಯರನ್ನೂ ಒಬ್ಬ ವಕೀಲರನ್ನೂ ಕೂರಿಸಿ ಸಲಹಾ ಕೇಂದ್ರವೊಂದನ್ನು ತೆರೆಯುವುದು ಕಷ್ಟದ ಕೆಲಸವಲ್ಲ. ಹೋಟೆಲಿನ ಕೆಲಸಕ್ಕೆ ಹೊರಟ ಹುಡುಗನಿಗೆ ಊರು ತೋರಿದ ಕಾಳಜಿ, ಆಟಕ್ಕೆ ಹೊರಟವನಿಗೂ ಸಲ್ಲಬೇಕು.